ಟೈಲರನ ಹೂಜಿ ಗಿಡ

ಹುಳ ತಿನ್ನುವ ಗಿಡಕ್ಕೆ ಪ್ರಾಣ ಬಿಡುವವರನ್ನು ಏನೆನ್ನಬೇಕೋ! ಟೈಲರನ ಬಾಲ್ಕನಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲೆಯ ತುದಿಗೆ ಪುಟ್ಟ ಹೂಜಿ ಇಳಿಬಿಟ್ಟ ಗಿಡಗಳದ್ದೇ ದರ್ಬಾರು. ನಲ್ಲಿ ನೀರು ಅವಕ್ಕೆ ಆಗಿಬರದು. ಅದಕ್ಕೆಂದು ಈತ ನೆರೆಯವರ ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಕ್ಯಾನು ಹಿಡಿದು ಕಾಯುತ್ತಿದ್ದ.

ಈ ಗಿಡಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಒಮ್ಮೆ ಎರಡು ಜಾತಿಯವು ಒಟ್ಟಿಗೆ ಹೂ ಬಿಟ್ಟಾಗ ಗಂಡಿನ ಪರಾಗವನ್ನು ಹೆಣ್ಣಿಗೆ ಸವರಿದವಳು ಅವನ ಹೆಂಡತಿ. ಮೊಳೆತ ಸಸಿಗಳಲ್ಲಿ ಒಂದೇ ಒಂದು ಉಳಿಯಿತು. ಅದರ ಹೂಜಿ ಕಡುಗೆಂಪು, ಅಂಚು ಹಳದಿ. "ನಿಮ್ಮ ಮೂಗಿನ ಹಾಗೇ ಊದ್ಕೊಂಡಿದೆ ನೋಡಿ," ಎಂದು ಅವಳು ನಕ್ಕಿದ್ದಳು. ಅಂಥ ಗಿಡ ಬೇರೆಲ್ಲೂ ಇರಲಿಲ್ಲ.

ಇಂಥದ್ದು ಹುಟ್ಟಿದರೆ ಬಳ್ಳಿಯ ಒಂದು ತುಂಡನ್ನು ಗೆಳೆಯನ ಮನೆಯಲ್ಲೂ ಬೇರು ಬರಿಸಿಡುವುದು ಈ ಹುಚ್ಚಿನವರ ರೂಢಿ. ಒಂದು ಕಡೆ ಸತ್ತರೂ ಇನ್ನೊಂದು ಕಡೆ ಇರುತ್ತದೆ. ಅವನ ಗೆಳೆಯ ಲೈನ್‌ಮನ್ನನಿಗೂ ಇದೇ ಹುಚ್ಚು. ಒಂದು ತುಂಡಿಗಾಗಿ ಅವನು ಕೇಳಿ ಕೇಳಿ ಸೋತ. "ಆಮೇಲೆ ನೋಡೋಣ ಬಿಡಪ್ಪ," ಎಂದು ಟೈಲರ್ ಮಾತು ಹಾರಿಸುತ್ತಿದ್ದ. ತನ್ನೊಬ್ಬನ ಬಳಿಯೇ ಇದೆಯೆಂಬ ಜಂಬ, ಇನ್ನೇನು!

ಹೆಂಡತಿ ಆಸ್ಪತ್ರೆ ಸೇರಿದಾಗ ಅವನೂ ಅವಳ ಮಂಚದ ಪಕ್ಕದಲ್ಲೇ ಉಳಿದ. ಮನೆಯ ಕೀಲಿ ಲೈನ್‌ಮನ್ನನ ಕೈಗೆ ಹೋಯಿತು. ನೀರು ಹಾಕಿದ್ದೆಲ್ಲ ಅವನೇ. ಗಿಡಗಳು ಉಳಿದವು, ಅವಳು ಉಳಿಯಲಿಲ್ಲ.

ಆಮೇಲೆ ಟೈಲರನಿಗೆ ಆ ಕೆಂಪು ಗಿಡವೇ ಸರ್ವಸ್ವ. ಅಕ್ಕರೆ ಹೆಚ್ಚಾಗಿ ಅದನ್ನು ದೊಡ್ಡ ಕುಂಡಕ್ಕೆ ಬದಲಿಸಿದ. ಎಳೆ ಬೇರುಗಳು ಹರಿದುಹೋದವು. ಬುಡದಿಂದ ಕಪ್ಪು ಏರತೊಡಗಿತು. ಗಾಬರಿಯಲ್ಲಿ ಕತ್ತರಿಸಿ ನೆಟ್ಟ ತುಂಡುಗಳೂ ಕೊಳೆತವು. ಅದೇ ಜೋಡಿ ಗಿಡಗಳನ್ನು ಮತ್ತೆ ಕೂಡಿಸಿದರೂ ಹುಟ್ಟುವುದು ಬೇರೆಯದೇ, ಅವಳ ಕೈಯಲ್ಲಿ ಹುಟ್ಟಿದ್ದಲ್ಲ.

ಆಗ ಅವನಿಗೆ ಆ ಕೀಲಿಯ ನೆನಪಾಯಿತು. ಅಷ್ಟು ಆಸೆಪಟ್ಟವನು, ಅಷ್ಟು ದಿನ ಮನೆಯಲ್ಲಿ ಒಬ್ಬನೇ ಓಡಾಡಿದವನು, ಸುಮ್ಮನಿದ್ದಿರುತ್ತಾನೆಯೇ? ಗೆಳೆಯ ಕಳ್ಳನಾಗಿರಲಿ ದೇವರೇ ಎಂದು ಬೇಡಿಕೊಳ್ಳುತ್ತ ಅವನ ಮನೆಗೆ ಓಡಿದ.

"ನಿಜ ಹೇಳು, ನನ್ನ ಕೆಂಪು ಗಿಡದ ಒಂದು ತುಂಡು ಕದ್ದಿದ್ದೀಯ ತಾನೆ? ಬೈಯಲ್ಲ ಕಣೋ, ಕಾಲಿಗೆ ಬೀಳ್ತೀನಿ."

ಲೈನ್‌ಮನ್ನನ ಮುಖ ಸಣ್ಣಗಾಯಿತು. "ಬ್ಲೇಡ್ ಹಿಡಿದು ಅದರ ಮುಂದೆ ನಿಂತಿದ್ದು ನಿಜ. ಆದ್ರೆ ಅತ್ತಿಗೆ ಅಲ್ಲಿ ಹಾಗೆ ಮಲಗಿದ್ರು, ನೀನು ನಂಬಿ ಕೀಲಿ ಕೊಟ್ಟಿದ್ದೆ. ಮನಸ್ಸು ಬರ್ಲಿಲ್ಲ."

"ಕದೀಬೇಕಿತ್ತು! ಕದೀಬೇಕಿತ್ತು ಕಣೋ ಪಾಪಿ!" ಟೈಲರ್ ಅವನ ಎದೆಗೆ ಗುದ್ದುತ್ತ ಗೋಳೋ ಎಂದು ಅತ್ತ.

ಲೈನ್‌ಮನ್ ತಡೆಯಲಿಲ್ಲ. "ತಪ್ಪಾಯ್ತು ಕಣೋ," ಎಂದ, "ತಪ್ಪಾಯ್ತು."