ಅಕ್ಕನ ಬಲಗಾಲು

ನಮ್ಮ ಅಕ್ಕನಿಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ಬ್ರೇಕ್ ಪೆಡಲನ್ನು ಅವಳಷ್ಟು ಸಲ ಒತ್ತಿದವರು ನನಗೆ ಗೊತ್ತಿರುವ ಮಟ್ಟಿಗೆ ಇನ್ನೊಬ್ಬರಿಲ್ಲ. ಭಾವ ಬ್ರೇಕ್ ಮೆಕ್ಯಾನಿಕ್. ವೇಗದ ಹುಚ್ಚು ಹತ್ತಿದವರು ತಮ್ಮ ದುಬಾರಿ ಕಾರುಗಳನ್ನು ಅವರ ಶೆಡ್ಡಿಗೆ ತರುತ್ತಿದ್ದರು. ರಸ್ತೆಯಲ್ಲಿ ಮಾತು ಕೇಳುವ ಬ್ರೇಕು ರೇಸ್ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಹೊಡೆಯುವಷ್ಟರಲ್ಲಿ ಕಾದು ಕೈಕೊಡುತ್ತದೆ. ಭಾವ ಅದನ್ನೆಲ್ಲ ಬಿಚ್ಚಿ ದೊಡ್ಡ ಡಿಸ್ಕು, ಅದನ್ನು ಕಚ್ಚಿ ಹಿಡಿಯುವ ದೊಡ್ಡ ಕ್ಯಾಲಿಪರು, ಬಿಸಿ ತಡೆಯುವ ಪ್ಯಾಡು ಹಾಕಿ ಹೊಸ ಆಯಿಲ್ ತುಂಬುತ್ತಿದ್ದರು. ಆಮೇಲೆ ಪೈಪಿನೊಳಗೆ ಸೇರಿಕೊಂಡ ಗಾಳಿ ತೆಗೆಯಬೇಕು. ಗಾಳಿ ಉಳಿದರೆ ಪೆಡಲ್ ಮೆತ್ತಗಾಗಿ, ಟ್ರ್ಯಾಕಿನ ಬಿಸಿಗೆ ಬ್ರೇಕೇ ಹಿಡಿಯುವುದಿಲ್ಲ. ಅದು ಇಬ್ಬರ ಕೆಲಸ. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಕೂತು ತಿರುಪು ಸಡಿಲಿಸಬೇಕು. ಗಾಳಿ ಆಯಿಲಿನ ಜೊತೆ ಗುಳ್ಳೆಗುಳ್ಳೆಯಾಗಿ ಬಾಟಲಿಗೆ ಇಳಿಯುತ್ತದೆ.

ಮದುವೆಯಾದ ಎರಡನೇ ವಾರ ಅಕ್ಕ ಊಟದ ಡಬ್ಬಿ ಕೊಡಲು ಹೋಗಿದ್ದಳು. ಭಾವ ಒಂದು ನಿಮಿಷ ಸೀಟಿನಲ್ಲಿ ಕೂತುಕೋ ಅಂದರಂತೆ. ಆ ಒಂದು ನಿಮಿಷ ಇಪ್ಪತ್ತಾರು ವರ್ಷ ನಡೆಯಿತು. ಮನೆಯಲ್ಲಿ ಭಾವನ ಬಾಯಿಂದ ಮಾತು ಹೊರಡಿಸಬೇಕಾದರೆ ಸಾಕುಬೇಕಾಗುತ್ತಿತ್ತು, ಮಕ್ಕಳೂ ಇರಲಿಲ್ಲ. ಶೆಡ್ಡಿನಲ್ಲಿ ಮಾತ್ರ ದಿನವಿಡೀ ಚಕ್ರದ ಹತ್ತಿರದಿಂದ ಅವರ ದನಿ ಕೇಳುತ್ತಿತ್ತು: ಒತ್ತು, ಹಿಡ್ಕೋ, ಬಿಡು. ಮೂರೇ ಮಾತಿನಲ್ಲಿ ಸಂಸಾರ ಮಾಡಿದ ಜೋಡಿ ಎಂದು ನಾನು ರೇಗಿಸುತ್ತಿದ್ದೆ. ಅಕ್ಕ ನಗುತ್ತಿದ್ದಳು. ಆ ಮೂರು ಮಾತಿಗಾಗಿಯೇ ಅವಳು ದಿನಾ ಅಡುಗೆ ಬೇಗ ಮುಗಿಸಿ ಓಡುತ್ತಿದ್ದಳು ಎಂಬುದು ನನಗೆ ತಡವಾಗಿ ಅರ್ಥವಾಯಿತು.

ಗುಳ್ಳೆ ಬರುವುದು ನಿಂತರೂ ಭಾವ ನಂಬುತ್ತಿರಲಿಲ್ಲ. ದೊಡ್ಡ ಕ್ಯಾಲಿಪರಿನ ಮೂಲೆಯಲ್ಲಿ ಒಂದಾದರೂ ಗುಳ್ಳೆ ಅಡಗಿರುತ್ತದೆ ಅನ್ನುತ್ತಿದ್ದರು. ಅಕ್ಕ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಬರಿಗಾಲಲ್ಲಿ ಇನ್ನೊಮ್ಮೆ ಒತ್ತುತ್ತಿದ್ದಳು. ಮೆತ್ತಗಿದೆ ಅಂದರೆ ಭಾವ ಕ್ಯಾಲಿಪರನ್ನು ಮರದ ಸುತ್ತಿಗೆಯಿಂದ ತಟ್ಟಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರು. ಗಟ್ಟಿ ಇದೆ ಅಂದರೆ ಮಾತ್ರ ಗಾಡಿ ಶೆಡ್ಡಿನಿಂದ ಹೊರಗೆ. ಗಿರಾಕಿಗಳೂ ಕೀ ತೆಗೆದುಕೊಳ್ಳುವ ಮುಂಚೆ ಅಕ್ಕನ ಮುಖ ನೋಡುತ್ತಿದ್ದರು.

ಐವತ್ತು ತುಂಬುವ ಹೊತ್ತಿಗೆ ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಮಾತ್ರೆ ನುಂಗುತ್ತಿದ್ದಳು, ಅಷ್ಟೇ ಅಂದುಕೊಂಡಿದ್ದೆವು. ಒಂದು ಮಧ್ಯಾಹ್ನ ನಾನು ಶೆಡ್ಡಿಗೆ ಹೋದಾಗ ಭಾವ ಮೊಣಕಾಲೂರಿ, ಕಾರಿನಿಂದ ನೀರಿನ ಕೊಡದವರೆಗೂ ನೆಲ ಒರೆಸುತ್ತಿದ್ದರು. ಅಕ್ಕ ಆಚೆ ಬಾಟಲಿ ತೊಳೆಯುತ್ತಿದ್ದಳು. ಏನು ಭಾವ ಅಂದರೆ ಬ್ರೇಕ್ ಆಯಿಲ್ ಚೆಲ್ಲಿತು ಅಂದರು. ಅವರ ಕೈಯಲ್ಲಿದ್ದ ಬಟ್ಟೆ ಕೆಂಪಾಗಿತ್ತು. ಬ್ರೇಕ್ ಆಯಿಲ್ ಆ ಬಣ್ಣದ್ದಲ್ಲ ಎಂದು, ಅದೇ ಶೆಡ್ಡಿನಲ್ಲಿ ವರ್ಷಗಟ್ಟಲೆ ಬಿಟ್ಟಿ ಟೀ ಕುಡಿದ ನನ್ನ ಮಂಡೆಗೆ ಹೊಳೆಯಲಿಲ್ಲ.

ಅದಾದ ತಿಂಗಳಿಗೆ ಹಲ್ಲಿನ ಡಾಕ್ಟರ ಕಾರು ಬಂತು. ವಾರವೆಲ್ಲ ಹಲ್ಲು ಕೀಳುವುದು, ಭಾನುವಾರ ಟ್ರ್ಯಾಕಿಗೆ ಹೋಗುವುದು, ಇಷ್ಟೇ ಅವರ ಬದುಕು. ಎಲ್ಲ ಹೊಸದು ಹಾಕಿಸಿದರು. ಅಕ್ಕ ಗಟ್ಟಿ ಇದೆ ಅಂದಳು. ಭಾವ ಬೀದಿಯಲ್ಲಿ ಒಂದು ಸುತ್ತು ಓಡಿಸಿ ಕೀ ಕೊಟ್ಟರು. ಟ್ರ್ಯಾಕಿನ ಮೂರನೇ ಸುತ್ತಿನಲ್ಲಿ ಪೆಡಲ್ ನೆಲಕ್ಕೆ ಹೋಯಿತು. ಕಾರು ಗೋಡೆಗೆ ಬಡಿಯಿತು. ಜೀವ ಉಳಿಯಿತು, ಬಲಗೈ ಮಣಿಕಟ್ಟು ಪುಡಿಯಾಯಿತು. ಡಾಕ್ಟರಿಗೆ ಮತ್ತೆ ಹಲ್ಲಿಗೆ ಕೈ ಹಾಕಲಾಗಲಿಲ್ಲ.

ಭಾವ ಆಸ್ಪತ್ರೆಗೆ ಹೋಗಿ, ತಿರುಪು ಬಿಗಿ ಮಾಡುವುದನ್ನು ನಾನೇ ಮರೆತೆ ಎಂದು ತಪ್ಪೊಪ್ಪಿಕೊಂಡರು. ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕನ ಎದುರೇ ಅವರನ್ನು ಬಾಯಿಗೆ ಬಂದಂತೆ ಬೈದೆ. ಅಕ್ಕ ಪಾತ್ರೆ ತೊಳೆಯುತ್ತಿದ್ದಳು, ತಿರುಗಿ ನೋಡಲಿಲ್ಲ.

ಗಿರಾಕಿಗಳು ಕರಗಿದರು. ನಾಲ್ಕು ತಿಂಗಳ ಮೇಲೆ, ಹಳೆಯ ವಿಶ್ವಾಸಕ್ಕೆ ಒಬ್ಬರು ಕಾರು ತಂದರು. ಭಾವ ಎಂದಿನಂತೆ ಅಕ್ಕನನ್ನು ಕರೆದರು. ನಾನು ಕಾರಿನ ತೆರೆದ ಬಾಗಿಲ ಬಳಿ ನಿಂತಿದ್ದೆ. ಅಕ್ಕ ಕಣ್ಣು ಮುಚ್ಚಿ ಒತ್ತಿದಳು. ಅವಳ ಪಾದ ಜಾರಿ ಪಕ್ಕದ ಕ್ಲಚ್ಚಿನ ಮೇಲೆ ಹೋಗಿತ್ತು. ಅವಳಿಗೆ ಗೊತ್ತೇ ಆಗಲಿಲ್ಲ. ಭಾವ ತಿರುಪು ಸಡಿಲಿಸಿದರು. ಬಾಟಲಿಗೆ ಒಂದು ಹನಿಯೂ ಬರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ನನ್ನನ್ನೇ ನೋಡುತ್ತ ಬೇಡ ಎಂದು ತಲೆಯಾಡಿಸಿದರು.

"ಬರ್ತಿದೆ," ಅಂದರು. "ಇನ್ನೊಂದ್ಸಲ ಒತ್ತು."

ನಾಲ್ಕು ಚಕ್ರಕ್ಕೂ ಹಾಗೆಯೇ ಮಾಡಿಸಿದರು. ಅಕ್ಕ ಗಟ್ಟಿ ಇದೆ ಅಂದಳು. ಟೀ ಮಾಡಿಕೊಂಡು ಬಾ ಎಂದು ಅವಳನ್ನು ಕಳಿಸಿ ನನ್ನನ್ನು ಸೀಟಿನಲ್ಲಿ ಕೂರಿಸಿದರು. ಎರಡು ಚಕ್ರ ಮುಗಿದು ಮೂರನೆಯದಕ್ಕೆ ನಾನು ಪೆಡಲ್ ಒತ್ತಿ ಹಿಡಿದಿದ್ದಾಗ ಅಕ್ಕ ಮೂರು ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನ ಕಾಲು ನೋಡಿದಳು. ಲೋಟಗಳನ್ನು ಮೇಜಿನ ಮೇಲೆ ಇಟ್ಟಳು.

"ಡಾಕ್ಟರ ಗಾಡೀಲೂ ನಂಗೇನೂ ಗೊತ್ತಾಗ್ಲಿಲ್ಲ ರೀ," ಅಂದಳು. "ಸುಮ್ನೆ ಗಟ್ಟಿ ಇದೆ ಅಂದೆ. ಇಲ್ಲ ಅಂದಿದ್ರೆ ನೀವು ಬೇರೆ ಯಾರನ್ನಾದ್ರೂ ಕೂರಿಸ್ತಿದ್ರಿ."

ಭಾವ ಚಕ್ರದ ಹಿಂದಿನಿಂದ ಎದ್ದು ಬರಲಿಲ್ಲ.

"ನಂಗೆ ಗೊತ್ತಿತ್ತು ಕಣೆ. ಕಾಲು ಕುಯ್ದು ರಕ್ತ ಸುರೀತಿದ್ರೂ ನಿಂಗೆ ಗೊತ್ತಾಗ್ಲಿಲ್ವಲ್ಲ, ಕಾಲು ಮರಗಟ್ಟಿದೆ ಅಂತ ಆವತ್ತೇ ಗೊತ್ತಾಯ್ತು. ಗೊತ್ತಿದ್ದೂ ಗಾಡಿ ಕೊಟ್ಟೆ."

ಇಬ್ಬರೂ ಒಬ್ಬರ ಮನಸ್ಸು ಒಬ್ಬರು ನೋಯಿಸಲಾರದೆ ಹೋದದ್ದಕ್ಕೆ ಮೂರನೆಯವರ ಕೈ ಹೋಗಿತ್ತು. ಯಾರನ್ನು ಬೈಯಲಿ? ಅಕ್ಕ ತನ್ನ ಚಪ್ಪಲಿ ಹುಡುಕಿದಳು. ಒಂದು ಅವಳ ಕಾಲಲ್ಲೇ ಇತ್ತು. ಅದು ಗೊತ್ತಾಗದೆ ಇನ್ನೂ ಹುಡುಕುತ್ತಿದ್ದಳು. ಬಿಡು ಎಂದು ಭಾವ ಹೇಳಲಿಲ್ಲ. ನಾನು ಪೆಡಲ್ ಒತ್ತಿಕೊಂಡೇ ಕೂತಿದ್ದೆ.