ಎರಡು ಸಲ ಸತ್ತ ಪಾಳೇಗಾರ

ಒಂಬತ್ತನೇ ತರಗತಿಯಲ್ಲಿದ್ದಾಗ ಶಾಲೆಯ ವಾರ್ಷಿಕ ಗ್ಯಾದರಿಂಗಿನ ನಾಟಕಕ್ಕೆ ನಾನು ಪೇಟಿ ಬಾರಿಸಿದೆ. ಪೇಟಿ ಅಂದರೆ ಹಾರ್ಮೋನಿಯಂ. ಜೊತೆಗೆ ಒಂದು ತಬಲಾ, ಯಾರದೋ ಮನೆಯಿಂದ ತಂದ ಕೀಬೋರ್ಡು, ಪರೇಡಿಗೆ ಬಡಿಯುವ ಶಾಲೆಯ ಡ್ರಮ್ಮು. ಇಷ್ಟಕ್ಕೇ ಮೈಕಿನಲ್ಲಿ 'ನಮ್ಮ ಶಾಲೆಯ ಆರ್ಕೆಸ್ಟ್ರಾ' ಅಂತ ಹೇಳಿಸಿಕೊಂಡು ಬೀಗುತ್ತಿದ್ದೆವು. ಹಗರಿಬೊಮ್ಮನಹಳ್ಳಿಯಲ್ಲಿ ಆರ್ಕೆಸ್ಟ್ರಾ ಅಂದರೆ ಮದುವೆಯಲ್ಲಿ ಸಿನಿಮಾ ಹಾಡು ಹೇಳುವವರು. ಅವರಷ್ಟು ದೊಡ್ಡ ಸ್ಪೀಕರ್ ನಮಗಿರಲಿಲ್ಲ, ಜಂಬಕ್ಕೇನೂ ಕಮ್ಮಿ ಇರಲಿಲ್ಲ.

ನಾಟಕ ಕಲಿಸುತ್ತಿದ್ದ ಮಾಸ್ತರು ಹಿರೇಹಡಗಲಿ ಕಡೆಯವರು. ಊರೂರು ತಿರುಗಿ ದೊಡ್ಡವರಿಗೆ ಕಲಿಸಿ ರೂಢಿ. ಮಕ್ಕಳಿಗೆ ಹೇಗೆ ಹೇಳಬೇಕು ಅನ್ನೋದು ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಉಸಾಬರಿಗೂ ಹೋಗಲಿಲ್ಲ. ನಾಟಕ ಅವರೇ ಬರೆದದ್ದು: ಒಬ್ಬ ಪಾಳೇಗಾರ, ಒಂದು ಕೋಟೆ, ಕೊನೆಗೆ ಬೆನ್ನಿಗೆ ಇರಿತ. ಡ್ರಾಯಿಂಗ್ ಸರ್ ಪರದೆಯ ಮೇಲೆ ಉಚ್ಚಂಗಿದುರ್ಗದ ಬೆಟ್ಟ ಬರೆದಿದ್ದರು. ಗಿರಣಿ ಮುಂದೆ ಒಟ್ಟಿದ ಚೀಲಗಳ ಹಾಗೆ ಕಾಣುತ್ತಿತ್ತು, ಆದರೂ ಎಲ್ಲರೂ ಚಲೋ ಐತಿ ಅಂದರು.

ಪಾಳೇಗಾರನ ಪಾತ್ರ ನನ್ನ ಕ್ಲಾಸಿನ ಒಬ್ಬ ಹುಡುಗನದು. ಅವನಪ್ಪನದು ಬಸ್ ಸ್ಟ್ಯಾಂಡಿನ ಹಿಂದೆ ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜು. ಮಳೆಗಾಲದಲ್ಲಿ ಪಾತ್ರ ಹಂಚಿದಾಗ ಆ ಹುಡುಗನ ದನಿ ಎಷ್ಟು ಮೇಲೆ ಹೋಗುತ್ತಿತ್ತೆಂದರೆ ನಾವು ಹುಡುಗಿಯರೇ ಹೊಟ್ಟೆ ಉರಿದುಕೊಂಡೆವು. ಪೇಟಿಯ ಕರಿ ಕೀಗಳನ್ನು, ಬಿಳಿ ಕೀಗಳನ್ನು ಎಣಿಸಿ ಶ್ರುತಿ ಹೇಳೋದು ನಮ್ಮ ಕಡೆ ಪದ್ಧತಿ. ಅವನದು ಕರಿ ನಾಲ್ಕು, ಅಂದರೆ ಹೆಣ್ಣುಮಕ್ಕಳ ಎತ್ತರ. ಪಾಳೇಗಾರ ಸಾಯುತ್ತಾ ಹೇಳುವ 'ಬಾಗಿಲ ಮುಚ್ಚಬೇಡಿರೋ, ನಾ ಬರುವೆ' ಅನ್ನುವ ಹಾಡನ್ನು ಅದೇ ಶ್ರುತಿಗೆ ಕೂರಿಸಿದ್ದರು. ಹಿಂದೆ ದನಿಗೂಡಿಸುವ ಹುಡುಗಿಯರ ಮೇಳಕ್ಕೂ ಅದೇ ಶ್ರುತಿ. ಅವನಪ್ಪ ಗ್ಯಾರೇಜಿಗೆ ಬಂದವರಿಗೆಲ್ಲ "ನಮ್ಮ ಹುಡುಗ ಹಾಡ್ತಾನ, ಬಂದು ಕೇಳ್ರಿ" ಅನ್ನುತ್ತಿದ್ದರಂತೆ.

ಚಳಿ ಬೀಳುವಷ್ಟರಲ್ಲಿ ಹುಡುಗನ ದನಿ ಒಡೆಯಿತು. ಮೇಲಿನ ಸ್ವರಕ್ಕೆ ಹೋದವನು ಅಲ್ಲೇ ಕಿರ್ರೆಂದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮರುದಿನವೂ, ಅದರ ಮರುದಿನವೂ ಹಾಗೇ ಆದಾಗ ಯಾರೂ ನಗಲಿಲ್ಲ.

"ಶ್ರುತಿ ಇಳಸೋಣ್ರಿ ಸರ್. ಬಿಳಿ ಒಂದಕ್ಕ ಆರಾಮ ಹಾಡ್ತಾನ," ಎಂದೆ.

"ಹುಡುಗ್ಯಾರೇನು ಬಾವ್ಯಾಗ ಕುಂತು ಹಾಡ್ಬೇಕೇನು? ಸುಮ್ನ ಪೇಟಿ ಬಾರ್ಸು," ಎಂದರು ಮಾಸ್ತರು.

ಅವರೇ ಒಂದು ಉಪಾಯ ಹೂಡಿದರು. ಹುಡುಗ ಬರೀ ಬಾಯಿ ಆಡಿಸಬೇಕು. ಮೇಳದ ಹುಡುಗಿಯೊಬ್ಬಳು ಪರದೆಯ ಮರೆಯಲ್ಲಿ ಮೈಕು ಹಿಡಿದು ಹಾಡಬೇಕು.

"ನಮ್ಮಪ್ಪ ಕೇಳಾಕ ಬರ್ತಾನ್ರಿ ಸರ್," ಎಂದ ಹುಡುಗ.

"ಬರ್ಲಿ ಬಿಡಲೇ. ಅವಂಗೇನ್ ಗೊತ್ತಾಗ್ತೈತಿ?"

ಗೊತ್ತಾಗೋದಿಲ್ಲ ಅನ್ನೋದೇ ಹುಡುಗನ ಸಂಕಟ ಅಂತ ಆ ಮನುಷ್ಯನಿಗೆ ಹೊಳೆಯಲೇ ಇಲ್ಲ. ನನಗೆ ಮೈ ಉರಿದುಹೋಯಿತು. ಆದರೆ ಪೇಟಿ ಬಾರಿಸುವವಳ ಮಾತು ಯಾರು ಕೇಳುತ್ತಾರೆ? ಅವತ್ತಿನಿಂದ ತಾಲೀಮಿನಲ್ಲಿ ಅವನು ಬಾಯಿ ಆಡಿಸಿದ, ಅವಳು ಹಾಡಿದಳು. ಎಲ್ಲ ಸುಸೂತ್ರವಾಗಿ ನಡೆಯಿತು.

ಒಂದು ವಿಷಯ ಮಾತ್ರ ಒಬ್ಬರಿಗೂ ನೆನಪಾಗಲಿಲ್ಲ. ನಮ್ಮ ಕಡೆ ನಾಟಕದಲ್ಲಿ ಹಾಡು ಮನಸ್ಸಿಗೆ ಹತ್ತಿದರೆ ಜನ 'ಒನ್ಸ್ ಮೋರ್' ಕೂಗುತ್ತಾರೆ. ಕೂಗಿದ ಮೇಲೆ ಮುಗಿಯಿತು, ಸತ್ತವನೂ ಎದ್ದು ಕೂತು ಹಾಡಿ ಮತ್ತೊಮ್ಮೆ ಸಾಯಬೇಕು. ಸುಮ್ಮನೆ ಬಿದ್ದುಕೊಂಡರೆ ಜನ ಸೀಟಿ ಹೊಡೆದು ಮುಂದಿನ ಸೀನೇ ನಡೆಸಗೊಡುವುದಿಲ್ಲ. ಹುಟ್ಟಿದಾಗಿನಿಂದ ನೋಡುತ್ತಾ ಬಂದದ್ದು. ತಾಲೀಮಿನಲ್ಲಿ ಕೂಗುವವರು ಯಾರೂ ಇಲ್ಲವಲ್ಲ, ಅಷ್ಟು ನಾಟಕ ಕಲಿಸಿದ ಮಾಸ್ತರೂ ಮರೆತಿದ್ದರು.

ಗ್ಯಾದರಿಂಗ್ ದಿನ ಮಧ್ಯಾಹ್ನ ಶಾಮಿಯಾನದ ತುಂಬ ಜನ. ಗ್ಯಾರೇಜಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹುಡುಗನ ಅಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದರು. ಪಾಳೇಗಾರನಿಗೆ ಇರಿತ ಬಿತ್ತು. ಅವನು ಮೊಣಕಾಲೂರಿ ಬಾಯಿ ಆಡಿಸಿದ, ಪರದೆಯ ಮರೆಯಿಂದ ಹಾಡು ಬಂತು. ನಿಜ ಹೇಳಬೇಕೆಂದರೆ ಹುಡುಗಿ ಬಹಳ ಚೆನ್ನಾಗಿ ಹಾಡಿದಳು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು, ಕೆಲವರು ಮೊಬೈಲು ಎತ್ತಿ ಹಿಡಿದರು. ಹಾಡು ಮುಗಿಯಿತು, ಪಾಳೇಗಾರ ಸತ್ತ. ಮುಂದಿನ ಸೀನಿಗೆ ಅದೇ ಹುಡುಗಿ ವಿಧವೆ ರಾಣಿ. ಮೈಕು ಕೆಳಗಿಟ್ಟವಳೇ ಬಿಳಿ ಸೀರೆ ಉಡಲು ಮೈದಾನದ ಆಚೆಯ ಕೋಣೆಗೆ ಓಡಿದಳು.

"ಒನ್ಸ್ ಮೋರ್!"

ಮೊದಲು ಕೂಗಿದವರು ಹುಡುಗನ ಅಪ್ಪ. ಎದ್ದು ನಿಂತು, ಎರಡೂ ಕೈ ಮೇಲೆತ್ತಿ ಕೂಗಿದರು. ಆಮೇಲೆ ಇಡೀ ಶಾಮಿಯಾನ ಕೂಗಿತು.

"ಏಳಬ್ಯಾಡಲೇ, ಬಿದ್ದಿರು!" ಮಾಸ್ತರು ಪರದೆಯ ಮರೆಯಿಂದ ಹಲ್ಲು ಕಡಿಯುತ್ತಾ ಪಿಸುಗುಟ್ಟಿದರು. ಸೀಟಿ ಶುರುವಾಯಿತು. ಸತ್ತು ಬಿದ್ದಿದ್ದ ಹುಡುಗ ಒಂದು ಕಣ್ಣು ತೆರೆದು ನನ್ನನ್ನೇ ನೋಡಿದ. ನಾನು ಕರಿ ನಾಲ್ಕರ ಮೇಲಿದ್ದ ಬೆರಳು ತೆಗೆದು ಬಿಳಿ ಒಂದರ ಮೇಲಿಟ್ಟು ಉದ್ದಕ್ಕೆ ತಿದಿ ಒತ್ತಿದೆ. ಮಾಸ್ತರು ಕಣ್ಣು ಬಿಟ್ಟರು. ಬಿಡಲಿ, ನಾನು ಆ ಕಡೆ ನೋಡಲೇ ಇಲ್ಲ.

ಹುಡುಗ ಎದ್ದು ಕೂತು ಹಾಡಿದ. ದಪ್ಪ ದನಿ, ಇನ್ನೂ ಉಜ್ಜದ ಕಟ್ಟಿಗೆಯಂತೆ ಒರಟು.

"ಅಯ್ಯ, ಸತ್ತು ಏಳೋದ್ರಾಗ ಗಂಡಸಾಗಿ ಬಂದಾನಲ್ಲವ್ವಾ!" ಎಂದಳು ಹೆಂಗಸರ ಕಡೆಯಿಂದ ಒಬ್ಬಾಕೆ. ಶಾಮಿಯಾನ ಹಾರಿಹೋಗುವಂತೆ ನಕ್ಕರು. ಹುಡುಗನ ಕಿವಿ ಕೆಂಪಾದವು, ಹಾಡು ನಿಲ್ಲಲಿಲ್ಲ. ತಬಲಾದವನು ತಡವರಿಸಿ ಜೊತೆಗೂಡಿದ. ಅಷ್ಟು ಕೆಳಗೆ ಮೇಳದವರ ದನಿ ಇಳಿಯದೆ ಹುಡುಗಿಯರು ಬಾಯಿ ಮುಚ್ಚಿ ನಿಂತರು. ಅವನೊಬ್ಬನೇ ಎರಡು ಕಡೆ ಮುಗ್ಗರಿಸಿ, ಕೊನೆಯವರೆಗೂ ಹೇಳಿದ. ಚಪ್ಪಾಳೆ ಅಲ್ಲಲ್ಲಿ ಬಿತ್ತು. ಒನ್ಸ್ ಮೋರ್ ಯಾರೂ ಕೂಗಲಿಲ್ಲ. ಹುಡುಗ ಈ ಸಲ ಪರದೆಯ ಕಡೆ ಮುಖ ಮಾಡಿ ಸತ್ತ.

ನಾಟಕ ಮುಗಿದ ಮೇಲೆ ಪೇಟಿಯನ್ನು ಪೆಟ್ಟಿಗೆಗೆ ಹಾಕಿ ಬೆಲ್ಟು ಬಿಗಿದು ಶಾಲೆಯ ಮೆಟ್ಟಿಲ ಮೇಲೆ ಆಟೋಗಾಗಿ ಕಾಯುತ್ತಿದ್ದೆ. ಹುಡುಗನ ಅಪ್ಪ ಎದುರಿಗೇ ಬೈಕು ಚಾಲೂ ಮಾಡಿಕೊಂಡು ಕೂತಿದ್ದರು. ಹುಡುಗ ಅರ್ಧ ಬಣ್ಣ ಒರೆಸಿಕೊಂಡು ಬಂದ.

"ಮೊದ್ಲಿಂದು ಏನ್ ಹಾಡಿದಿ ಮಗನ! ಕಣ್ಣಾಗ ನೀರು ಬಂದ್ವು ನನಗ," ಎಂದರು ಅಪ್ಪ. "ಎರಡನೇದು ಯಾಕಲೇ, ದಣಿದಿದ್ದೇನು? ಕ್ವಾಣ ಒದರಿದಂಗ ಒದರಿದಿ."

ಹುಡುಗ ಬೈಕು ಹತ್ತಲಿಲ್ಲ.

"ಮೊದ್ಲಿಂದು ನಾನಲ್ಲಪ್ಪಾ. ಪರದಿ ಹಿಂದ ರಾಣಿ ಆದಾಕಿ ಹಾಡಿದ್ಲು," ಎಂದ. "ಕ್ವಾಣ ಒದರಿದ್ದು ನಾನು."

ಅಪ್ಪ ಮಗನ ಮುಖ ನೋಡಿದರು. ಕೈ ಚಾಚಿ ಕೀ ತಿರುಗಿಸಿದರು, ಬೈಕು ಬಂದ್ ಆಯಿತು.

"ಹಂಗಾರ ಇನ್ನೊಮ್ಮೆ ಹೇಳು," ಎಂದರು. "ಅಲ್ಲಿ ಮಂದಿ ನಗಾಕತ್ತಿತ್ತು, ನನಗ ಸರ್ಯಾಗಿ ಕೇಳ್ಸಲಿಲ್ಲ."

ಹುಡುಗ ನನ್ನ ಕಡೆ ತಿರುಗಿದ. ನಾನು ಪೆಟ್ಟಿಗೆಯ ಬೆಲ್ಟು ಬಿಚ್ಚಿದೆ.