ಫೋನಿನ ತಂತಿ ಬಿಚ್ಚಲು ಹೋದ ಮೇಡಂ

ಹೋದ ವಾರ ನಮ್ಮ ಮಿಕ್ಸರ್ ಸುಟ್ಟುಹೋಯಿತು. ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ಶೇಂಗಾ ಚಟ್ನಿಯನ್ನು ಅರ್ಧಕ್ಕೆ ಬಿಟ್ಟು ಹೊರಗೆ ಬಂದು ಕುಳಿತೆ. ಸಿಂಧನೂರಿನ ಕಂಪ್ಯೂಟರ್ ಮೇಡಂ ನೆನಪಾಗಿದ್ದರು...

ತೊಂಬತ್ತರ ದಶಕದ ಕೊನೆ. ಬಿ.ಕಾಂ. ಮುಗಿಸಿದ್ದ ನಾನು ಮಸ್ಕಿಯಿಂದ ಬಸ್ಸಿನಲ್ಲಿ ಅವರ ಹತ್ತಿರ ಕಲಿಯಲು ಹೋಗುತ್ತಿದ್ದೆ. ಅವರ ತವರು ಲಿಂಗಸುಗೂರು. ಗಂಡ ಹೈಸ್ಕೂಲಿನ ಮಾಸ್ತರರು. ಬಾಡಿಗೆಯ ಕೋಣೆ, ಹಳೆಯ ಕಂಪ್ಯೂಟರುಗಳು, ಮೇಜಿನ ಕೆಳಗೆ ಆಡಿಕೊಂಡಿರುತ್ತಿದ್ದ ಪುಟ್ಟ ಮಗಳು. ಅಕ್ಕಿ ಗಿರಣಿಯವರೊಬ್ಬರು ಹೈದರಾಬಾದಿನ ವ್ಯಾಪಾರಿಗಳಿಗೆ ಸಂದೇಶ ಕಳಿಸಲೆಂದು ಫೋನಿನ ತಂತಿಗೆ ಜೋಡಿಸುವ ಒಂದು ಮೋಡೆಮ್ ತಂದು ಅವರ ವಶಕ್ಕೆ ಕೊಟ್ಟಿದ್ದರು.

ಮೋಡೆಮ್ ಇದ್ದಮೇಲೆ ಕಂಪ್ಯೂಟರಿನೊಳಗೆ ಬೇರೆ ಸೀರಿಯಲ್ ಚಿಪ್ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ.

“ಕಂಪ್ಯೂಟರು ಎಂಟೆಂಟು ಬಿಟ್ ಒಮ್ಮಿಗೇ ಕೊಡ್ತದ. ಸೀರಿಯಲ್ ಚಿಪ್ ಅವನ್ನ ಒಂದರ ಹಿಂದ ಒಂದು ಸಾಲು ಹಚ್ಚಿ ಕಳಸ್ತದ. ಮೋಡೆಮಿನ ಚಿಪ್ಪು ಆ ಸಾಲನ್ನ ಫೋನಿನ್ಯಾಗ ಹೋಗೋ ಸಪ್ಪಳ ಮಾಡ್ತದ. ಒಂದನ್ನ ಬಿಟ್ಟು ಇನ್ನೊಂದು ನಡಿಯಂಗಿಲ್ಲ ನೋಡವಾ,” ಎಂದಿದ್ದರು.

ಆ ಬೇಸಿಗೆಯ ಒಂದು ಸಂಜೆ ಗುಡುಗು ಶುರುವಾಯಿತು. ಕರೆಂಟ್ ಹೋಯಿತು; ಹೊರಗೆ ಬಂದೆವು. ಮಗುವನ್ನು ನನ್ನ ಕೈಗೆ ಕೊಟ್ಟು ಮೇಡಂ ಒಳಗೆ ತಿರುಗಿದರು.

“ಕರೆಂಟ್ ಹೋಗ್ಯದಲ್ರಿ ಮೇಡಂ, ಇರ್ಲಿ ಬಿಡ್ರಿ,” ಎಂದೆ.

“ಫೋನಿನ ತಂತಿ ಹಂಗ ಐತಿ. ಮಂದಿ ಸಾಮಾನದು. ಬಿಚ್ಚಿ ಬಂದೆ, ನಿಂದರು.”

ಬಿಳಿ ಬೆಳಕು, ಕಿವಿಗಡಚಿಕ್ಕುವ ಸದ್ದು... ಒಳಗೆ ಹೋದಾಗ ಅವರು ನೆಲದ ಮೇಲೆ ಬಿದ್ದಿದ್ದರು; ಕೋಣೆಯ ತುಂಬ ಸುಟ್ಟ ವಾಸನೆ. ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಉಸಿರು ದಾರಿಯಲ್ಲೇ ನಿಂತಿತ್ತು.

ಮಣ್ಣು ಮಾಡಿದ ಮೇಲೆ, ರಾಯಚೂರಿನಿಂದ ಬಂದ ರಿಪೇರಿಯವನು ಕಂಪ್ಯೂಟರ್ ಬಿಚ್ಚಿದ.

“ಮೋಡೆಮ್ ಪೂರಾ ಹೋಗ್ಯದರಿ. ಅದಕ್ಕ ಕೂಡಿದ್ದ ಸೀರಿಯಲ್ ಚಿಪ್ಪೂ ಸುಟ್ಟದ. ಉಳಿದದ್ದೆಲ್ಲ ಚಲೋ ಐತ್ರಿ. ಎರಡನ್ನೂ ಬದ್ಲಿ ಮಾಡಿದ್ರ ನಡೀತದ,” ಎಂದ.

ಮಾಸ್ತರರು ನನ್ನ ಕಡೆ ತಿರುಗಿ, “ಕೇಳಿದೇನವಾ? ನಡೀತದಂತ,” ಎಂದರು. ಮತ್ತೆ ಆ ಕೋಣೆಗೆ ಅವರು ಕಾಲಿಡಲಿಲ್ಲ.

ಈಗ ಅಲ್ಲಿ ಔಷಧದ ಅಂಗಡಿಯಿದೆ. ಈಚೆಗೆ ಮಸ್ಕಿಯ ಒಂದು ಮದುವೆಯಲ್ಲಿ ಅವರ ಮಗಳು ನನ್ನನ್ನು ಹುಡುಕಿಕೊಂಡು ಬಂದಳು. ತಾಯಿಯದೇ ಹಣೆ. ಪಕ್ಕದಲ್ಲಿ ಕುಳಿತು, “ಫೋಟೋ ಅದಾವ್ರಿ ಅಕ್ಕಾ. ನಮ್ಮವ್ವನ ದನಿ ಹೆಂಗಿತ್ತು?” ಎಂದು ಕೇಳಿದಳು.

ಅವರ ಮಾತುಗಳೆಲ್ಲ ನೆನಪಿದ್ದವು. ದನಿ ಮಾತ್ರ, ಎಷ್ಟು ಹುಡುಕಿದರೂ, ಬರಲಿಲ್ಲ...